ತೋವಾ ಪಾಯೋದ ನಮ್ಮ ಅಹ್ಮಾ

ನಮ್ಮ ಕಾರಿಡಾರಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಯಾರ ಮನೆಯ ಬಾಗಿಲೂ ಮುಚ್ಚುತ್ತಿರಲಿಲ್ಲ. ಕಬ್ಬಿಣದ ಗ್ರಿಲ್ ಎಳೆದುಕೊಂಡರೆ ಮುಗಿಯಿತು. ಗಾಳಿ, ಬೆಕ್ಕು, ಒಗ್ಗರಣೆಯ ವಾಸನೆ, ಮಾತು, ಎಲ್ಲಕ್ಕೂ ದಾರಿ ಇತ್ತು. ಎಪ್ಪತ್ತರ ದಶಕದ ಸಿಂಗಪುರ. ತೋವಾ ಪಾಯೋ ಎಂಬ ಹೊಸ ಬಡಾವಣೆಯಲ್ಲಿ ಸರ್ಕಾರದ ವಸತಿ ಮಂಡಳಿ ಕಟ್ಟಿಸಿದ ಹನ್ನೆರಡು ಮಹಡಿಯ ಕಟ್ಟಡ, ಅದರ ಏಳನೆಯ ಮಹಡಿ. ಭದ್ರಾವತಿಯಿಂದ ಹೊರಟ ಅಪ್ಪ ಅಲ್ಲಿನ ಶಿಪ್‌ಯಾರ್ಡ್ ಒಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದರು. ಲಿಫ್ಟಿನಿಂದ ಇಳಿದು ನಮ್ಮ ಮನೆ ತಲುಪುವಷ್ಟರಲ್ಲಿ ಐದಾರು ಭಾಷೆ ದಾಟಬೇಕಿತ್ತು. ಮೊದಲ ಮನೆಯದು ಕ್ಯಾಂಟನೀಸ್, ಎರಡನೆಯದು ಕಾಫಿ ಅಂಗಡಿ ಇಟ್ಟಿದ್ದ ಹೈನಾನೀಸರದು, ಆಮೇಲೆ ಒಂದು ಮಲಯ ಕುಟುಂಬ, ಎರಡು ಹೊಕ್ಕಿಯೆನ್ ಮನೆ, ತಂಜಾವೂರು ಕಡೆಯ ತಮಿಳರು, ನಾವು. ನಮ್ಮ ಪಕ್ಕದಲ್ಲಿ, ಕಾರಿಡಾರಿನ ಕೊನೆಯಲ್ಲಿ, ಟಿಯೋಚ್ಯು ಮಾತಾಡುವ ಅಹ್ಮಾಳ ಮನೆ.

ಅಹ್ಮಾ ಅಂದರೆ ಅಜ್ಜಿ. ಅವಳ ನಿಜವಾದ ಹೆಸರು ಏನೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ, ಕೇಳುವ ಅಗತ್ಯವೂ ಬೀಳಲಿಲ್ಲ. ಅವಳ ಮೊಮ್ಮಗ ನನ್ನ ಓರಗೆಯವನು. ಅವನನ್ನು ಎಲ್ಲರೂ ಅಹ್ ಬಾಯ್ ಅನ್ನುತ್ತಿದ್ದರು. ಆ ಊರಿನಲ್ಲಿ ಮನೆಗೊಬ್ಬ ಅಹ್ ಬಾಯ್ ಇದ್ದ. ಮಗ ಟ್ಯಾಕ್ಸಿ ಓಡಿಸುತ್ತಿದ್ದ, ಸೊಸೆ ಬಟ್ಟೆ ಕಾರ್ಖಾನೆಗೆ ಹೋಗುತ್ತಿದ್ದಳು. ಹಗಲಿಡೀ ಮನೆಯಲ್ಲಿ ಉಳಿಯುತ್ತಿದ್ದವರು ಅಹ್ಮಾ ಮತ್ತು ನಮ್ಮ ಅಮ್ಮ.

ಅವರಿಬ್ಬರು ಯಾವ ಭಾಷೆಯಲ್ಲಿ ಮಾತಾಡುತ್ತಿದ್ದರು ಎಂದು ಈಗ ಯಾರಾದರೂ ಕೇಳಿದರೆ ಒಂದೇ ಉಸಿರಿಗೆ ಹೇಳಲಾರೆ. ಸಂತೆಯ ಮಲಯ, ಮಾರ್ಕೆಟ್ಟಿನ ಹೊಕ್ಕಿಯೆನ್, ಅಹ್ಮಾಳ ಟಿಯೋಚ್ಯು, ಸಿಟ್ಟು ಬಂದಾಗ ಅಮ್ಮನ ಭದ್ರಾವತಿ ಕನ್ನಡ. ನಾವು ಮಾಂಸ ತಿನ್ನುವುದಿಲ್ಲ ಅನ್ನುವುದು ಬೇರೆಯವರಿಗೆ ವಿಚಿತ್ರವಾಗಿ ಕಂಡರೂ ಅವಳಿಗೆ ಹಾಗನಿಸಲಿಲ್ಲ. ಚೀನೀ ಪಂಚಾಂಗದ ಪ್ರತಿ ತಿಂಗಳ ಮೊದಲ ದಿನ, ಹದಿನೈದನೆಯ ದಿನ ಅವಳೂ ಬರೀ ಸೊಪ್ಪು ತರಕಾರಿ ತಿನ್ನುತ್ತಿದ್ದಳು. ಅಮ್ಮನ ಏಕಾದಶಿಯನ್ನು ಅವಳು, ಅವಳ ಹದಿನೈದನೆಯ ದಿನವನ್ನು ಅಮ್ಮ ನೆನಪಿಟ್ಟುಕೊಂಡು, ಒಬ್ಬರ ವ್ರತವನ್ನು ಇನ್ನೊಬ್ಬರು ಕಾಯುತ್ತಿದ್ದರು.

ಚೀನೀಯರ ಐದನೆಯ ತಿಂಗಳ ಹಬ್ಬಕ್ಕೆ ಬಿದಿರೆಲೆಯಲ್ಲಿ ಅಕ್ಕಿ ತುಂಬಿ, ದಾರ ಬಿಗಿದು, ಗಂಟೆಗಟ್ಟಲೆ ಬೇಯಿಸುವ ಕಡುಬಿದೆ. ಒಳಗೆ ಸಾಮಾನ್ಯವಾಗಿ ಹಂದಿಮಾಂಸ ಇರುತ್ತದೆ. ನಮ್ಮ ಮನೆಗೆಂದು ಅಹ್ಮಾ ಬೇರೆ ಪಾತ್ರೆ ತೊಳೆದು, ಬೇರೆ ನೀರು ಕಾಯಿಸಿ, ಹೆಸರುಬೇಳೆ ಕಡಲೆಬೀಜ ತುಂಬಿದ ಕಡುಬು ಮಾಡುತ್ತಿದ್ದಳು. ಗುರುತು ತಪ್ಪಬಾರದೆಂದು ಅವಕ್ಕೆ ಕೆಂಪು ದಾರ. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಅವಳ ಅಡುಗೆಮನೆಯ ನೆಲದ ಮೇಲೆ ಕೂತು ಎಲೆ ಮಡಚುವುದನ್ನು ಕಲಿತಳು. ಪ್ರತಿಯಾಗಿ ಕಟ್ಟಡದ ಹಿಂದಿನ ಹಲಸಿನ ಮರದಿಂದ ನಮ್ಮ ಕೈಲಿ ಎಲೆ ಕೀಳಿಸಿ ಕೊಟ್ಟೆ ಕಡುಬು ಮಾಡಿಕೊಟ್ಟಳು. ಅಹ್ಮಾ ಕೊಟ್ಟೆಯನ್ನು ತಿರುಗಿಸಿ ನೋಡಿ, ಕಡ್ಡಿ ಚುಚ್ಚಿದ ರೀತಿ ಸರಿಯಿಲ್ಲ ಎಂದಳು. ದಾರ ಕಟ್ಟಬೇಕಿತ್ತಂತೆ.

ನಮ್ಮ ಆಟದ ಭಾಷೆ ಹೊಕ್ಕಿಯೆನ್, ಜಗಳದ ಭಾಷೆ ಮಲಯ. ಗೋಲಿ, ಐದು ಕಲ್ಲಿನ ಆಟ, ಕಾಲಿನಿಂದ ಗರಿಯ ಚೆಂಡು ಚಿಮ್ಮುವ ಚಾಪ್ಟೆ, ಎಲ್ಲದರ ಲೆಕ್ಕವೂ ಹೊಕ್ಕಿಯೆನ್‌ನಲ್ಲೇ. ಟಿಯೋಚ್ಯು ಅದಕ್ಕೆ ಹತ್ತಿರದ ನಂಟ, ಹಾಗಾಗಿ ಅಹ್ ಬಾಯ್‌ಗೆ ಕಷ್ಟವಿರಲಿಲ್ಲ. ಕ್ಯಾಂಟನೀಸ್ ಮನೆಯ ಹುಡುಗ, ಮಲಯ ಹುಡುಗ, ತಮಿಳು ಹುಡುಗಿ, ನಾನು ಕೂಡ ಇಂಗ್ಲಿಷಿಗೆ ಮೊದಲೇ ಹೊಕ್ಕಿಯೆನ್ ಕಲಿತೆವು. ಯಾರೂ ಕಲಿಸಲಿಲ್ಲ, ಕಲಿಯದಿದ್ದರೆ ಆಟಕ್ಕೆ ಸೇರಿಸುತ್ತಿರಲಿಲ್ಲ, ಅಷ್ಟೆ.

ಸಂಜೆಗೆ ರೀಡಿಫ್ಯೂಷನ್. ಗೋಡೆಗೆ ನೇತುಹಾಕಿದ ಒಂದು ಪೆಟ್ಟಿಗೆ, ತಂತಿಯ ಮೂಲಕ ಬರುವ ರೇಡಿಯೋ; 1949ರಿಂದ ಆ ಊರಿನಲ್ಲಿ ಇತ್ತು. ಅದರಲ್ಲಿ ಕತೆ ಹೇಳುವವರು ಸಿನಿಮಾ ನಟರಿಗಿಂತ ಹೆಸರುವಾಸಿ. ಕ್ಯಾಂಟನೀಸ್‌ನಲ್ಲಿ ಲೀ ದಾಯ್ ಸೋರ್, ಹೊಕ್ಕಿಯೆನ್‌ನಲ್ಲಿ ಓಂಗ್ ತೋ, ಟಿಯೋಚ್ಯುನಲ್ಲಿ ಇಂಗ್ ಚಿಯಾ ಕೆಂಗ್. ನಮ್ಮ ಹರಿಕತೆ ದಾಸರು ಕುಣಿಯದೆ, ಹಾಡದೆ, ಬರೀ ಗಂಟಲಿನ ಬಲದಿಂದ ಕತೆ ನಡೆಸಿದರೆ ಹೇಗೋ ಹಾಗೆ. ಅಹ್ಮಾ ಪಿತೃಗಳಿಗೆ ಸುಡುವ ಬಂಗಾರದ ಕಾಗದ ಮಡಚುತ್ತ ಕೇಳುತ್ತಿದ್ದಳು. ಮರುದಿನ ಮೆಟ್ಟಿಲ ಮೇಲೆ ಕೂತು ಅಹ್ ಬಾಯ್ ಅದನ್ನು ನಮ್ಮೆಲ್ಲರ ಕಲಬೆರಕೆಗೆ ಇಳಿಸಿ ಹೇಳುತ್ತಿದ್ದ. ಭೀಮ ದುಶ್ಶಾಸನನ ಎದೆ ಬಗೆದ ಕತೆ ನಾನು ಅಮ್ಮನಿಂದ ಕೇಳುವ ಹೊತ್ತಿಗೆ ಗುವಾನ್ ಯೂ ಎಂಬ ಕೆಂಪು ಮೊಗದ ವೀರ ನನ್ನ ತಲೆಯಲ್ಲಿ ಆಗಲೇ ಹತ್ತಾರು ರುಂಡ ಉರುಳಿಸಿದ್ದ.

ಶಾಲೆಗೆ ಸೇರುವಾಗ ಒಂದು ಫಾರಂ ಬಂತು. ಮಾತೃಭಾಷೆ ಎಂಬ ಕಲಂ ಅದರಲ್ಲಿತ್ತು, ಆದರೆ ಅದು ತಾಯಿಯ ಮಾತನ್ನು ಕೇಳುತ್ತಿರಲಿಲ್ಲ. ತಂದೆ ಯಾವ ಜನಾಂಗದವನು ಎಂಬುದರ ಮೇಲೆ ಅದು ತೀರ್ಮಾನವಾಗುತ್ತಿತ್ತು. ಚೀನೀಯನಾದರೆ ಮ್ಯಾಂಡರಿನ್, ಮಲಯನಾದರೆ ಮಲಯ, ಭಾರತೀಯನಾದರೆ ತಮಿಳು. ಅಪ್ಪ ಕನ್ನಡ ಎಂದು ಬರೆದರು. ಗುಮಾಸ್ತರು ನಯವಾಗಿಯೇ ಅದನ್ನು ಹೊಡೆದುಹಾಕಿ, ತಮಿಳೋ ಮಲಯವೋ ಎಂದು ಕೇಳಿದರು. ನಾನು ಮಲಯ ಓದಿದೆ. ಅಹ್ ಬಾಯ್ ಎಂದೂ ಮನೆಯಲ್ಲಿ ಕೇಳದ ಮ್ಯಾಂಡರಿನ್ ಅವನ ಮಾತೃಭಾಷೆ ಆಯಿತು. ಅವನೊಬ್ಬನ ಪಾಡಲ್ಲ ಇದು. 1957ರ ಜನಗಣತಿಯಲ್ಲಿ ಹೊಕ್ಕಿಯೆನ್ ತಮ್ಮ ಮಾತೃಭಾಷೆ ಎಂದವರು ಸಿಂಗಪುರದ ಜನಸಂಖ್ಯೆಯಲ್ಲಿ ಸುಮಾರು ಶೇ. 30, ಟಿಯೋಚ್ಯು ಶೇ. 17, ಕ್ಯಾಂಟನೀಸ್ ಶೇ. 15. ಮ್ಯಾಂಡರಿನ್ ಎಂದವರು ಶೇ. 0.1.

ಇವನ್ನೆಲ್ಲ ಒಂದೇ ಚೀನೀ ಭಾಷೆಯ ಒಳಪ್ರಭೇದಗಳು ಎಂದು ಸರ್ಕಾರ ಕರೆಯುತ್ತಿತ್ತು. ಲಿಪಿ ಒಂದೇ ಆದ್ದರಿಂದ ಹೊರಗಿನವರೂ ನಂಬುತ್ತಾರೆ. ಆದರೆ ಮ್ಯಾಂಡರಿನ್ ಕಲಿಯದ ಹೊಕ್ಕಿಯೆನ್ ಅಜ್ಜಿಗೆ ಮ್ಯಾಂಡರಿನ್ ವಾರ್ತೆ ಅರ್ಥವಾಗುವುದಿಲ್ಲ.

ಚೀನೀ ಮಾಧ್ಯಮದ ಶಾಲೆಗಳಲ್ಲಿ ಮ್ಯಾಂಡರಿನ್ ನಮ್ಮ ಕಾಲಕ್ಕೆ ಹೊಸದೇನಲ್ಲ. ಯುದ್ಧಕ್ಕೆ ಮೊದಲಿನಿಂದಲೂ ಪಾಠ ಅದರಲ್ಲೇ ನಡೆಯುತ್ತಿತ್ತು. ಮಕ್ಕಳು ಶಾಲೆಯಲ್ಲಿ ಅದನ್ನಾಡಿ, ಮನೆಗೆ ಬಂದು ಮನೆಯ ಮಾತಾಡುತ್ತಿದ್ದರು. ಯಾರ ಮನೆ ಮಾತಿಗೂ ಅದರಿಂದ ಕುತ್ತು ಬರಲಿಲ್ಲ. ನಮ್ಮ ಕಣ್ಣೆದುರಿಗೆ ಆದ ಬದಲಾವಣೆ ಎಂದರೆ ಅದು ಶಾಲೆಯ ಗೇಟು ದಾಟಿ ಮನೆಯ ಊಟದ ಮೇಜಿಗೆ ಬಂದು ಕೂತದ್ದು.

ಅದಕ್ಕೊಂದು ಕಾರಣವೂ ಇತ್ತು, ಅದನ್ನು ಮರೆಮಾಚುವುದು ಸರಿಯಲ್ಲ. ಉಪಪ್ರಧಾನಿ ಗೋ ಕೆಂಗ್ ಸ್ವೀ ಅವರ ತಂಡ ಶಿಕ್ಷಣದ ಬಗ್ಗೆ ಒಂದು ವರದಿ ಕೊಟ್ಟಿತು; 1979ರ ಆರಂಭದಲ್ಲಿ ಪ್ರಕಟವಾಯಿತು. ಶೇ. 85ರಷ್ಟು ಮಕ್ಕಳು ಶಾಲೆಯಲ್ಲಿ ಕಲಿಯುವ ಎರಡು ಭಾಷೆಗಳನ್ನು ಮನೆಯಲ್ಲಿ ಆಡುವುದೇ ಇಲ್ಲ, ಎರಡರಲ್ಲೂ ಕನಿಷ್ಠ ಮಟ್ಟ ಮುಟ್ಟುವವರು ಶೇ. 40ಕ್ಕಿಂತ ಕಡಿಮೆ ಎಂದಿತು ಅದು. ಪರೀಕ್ಷೆಯಲ್ಲಿ ಮಕ್ಕಳು ಸಾಲುಸಾಲಾಗಿ ಸೋಲುತ್ತಿದ್ದದ್ದು ನಿಜ. ಇಂಗ್ಲಿಷ್, ಮ್ಯಾಂಡರಿನ್, ಮನೆ ಮಾತು ಈ ಮೂರನ್ನೂ ಮಗುವಿನ ತಲೆ ಹೊರಲಾರದು ಎಂದು ಪ್ರಧಾನಿ ಲೀ ಕ್ವಾನ್ ಯೂ ತೀರ್ಮಾನಿಸಿದರು. ಇಳಿಸಬೇಕಾದ ಹೊರೆ ಮನೆ ಮಾತು. ಹನ್ನೆರಡು ಗುಂಪುಗಳಾಗಿ ಹಂಚಿಹೋದ ಚೀನೀಯರಿಗೆ ಒಂದು ಸಮಾನ ಭಾಷೆ ಬೇಕು ಎಂಬ ವಾದವೂ ಜೊತೆಗಿತ್ತು. ನಮ್ಮ ಕಾರಿಡಾರಿನಲ್ಲಿ ಆ ಗುಂಪುಗಳು ಒಂದರ ಮಾತು ಇನ್ನೊಂದಕ್ಕೆ ತಿಳಿಯದೆ ಒದ್ದಾಡಿದ್ದನ್ನು ನಾನು ಕಂಡಿಲ್ಲ; ಆದರೆ ಕಾರಿಡಾರು ದೇಶವಲ್ಲ ಎಂದು ಅವರು ಹೇಳಬಹುದು.

1979ರ ಸೆಪ್ಟೆಂಬರ್ 7ರಂದು ಆಂದೋಲನ ಶುರುವಾಯಿತು. ಮ್ಯಾಂಡರಿನ್ ಹೆಚ್ಚು ಮಾತಾಡಿ, ಉಳಿದ ಚೀನೀ ಮಾತುಗಳನ್ನು ಕಡಿಮೆ ಮಾಡಿ ಎಂಬ ಪೋಸ್ಟರು ಎಲ್ಲೆಲ್ಲೂ. ಇದನ್ನು ಆರಂಭಿಸಿದ ಲೀ ಕ್ವಾನ್ ಯೂ ಅವರೇ 1961ರಲ್ಲಿ ಹಾಂಗ್ ಲಿಮ್ ಉಪಚುನಾವಣೆಗೆಂದು ಪಟ್ಟು ಹಿಡಿದು ಹೊಕ್ಕಿಯೆನ್ ಕಲಿತವರು. ಮತ ಕೇಳಲು ಬೇಕಾದ ಭಾಷೆ ಅಂಕ ಪಡೆಯಲು ಬೇಡವಾಯಿತು.

ನಮ್ಮ ಶಾಲೆಯಲ್ಲಿ ತರಗತಿಗೊಂದು ಮಿಲೋ ಡಬ್ಬಿ ಬಂತು. ಹೊಕ್ಕಿಯೆನ್, ಟಿಯೋಚ್ಯು ಆಡಿದವರು ಅದಕ್ಕೆ ಹತ್ತು ಸೆಂಟ್ ಹಾಕಬೇಕು. ಹತ್ತು ಸೆಂಟಿಗೆ ಆಗ ಐಸ್ ಕಡ್ಡಿ ಬರುತ್ತಿತ್ತು, ಆದ್ದರಿಂದ ದಂಡ ಚುರುಕಾಗಿಯೇ ತಟ್ಟುತ್ತಿತ್ತು. ಆದರೆ ಈ ಕಾನೂನಿನಲ್ಲಿ ಒಂದು ಸಂದು ಇತ್ತು, ಅದನ್ನು ಕಂಡುಹಿಡಿದದ್ದು ನಾನು. ನಾನು ಚೀನೀಯನಲ್ಲ. ನಾನು ಹೊಕ್ಕಿಯೆನ್ ಆಡಿದರೆ ಟೀಚರಿಗೆ ನಗು ಬರುತ್ತಿತ್ತು, ಭಾರತದ ಹುಡುಗ ಎಷ್ಟು ಚೆನ್ನಾಗಿ ಮಾತಾಡುತ್ತಾನೆ ಎಂದು ಪಕ್ಕದ ತರಗತಿಯ ಟೀಚರನ್ನು ಕರೆದು ತೋರಿಸುತ್ತಿದ್ದರು. ನಾನು ಬೇಕೆಂದೇ ಹೊಕ್ಕಿಯೆನ್‌ನಲ್ಲಿ ರಬ್ಬರು ಕೇಳುವುದು, ಅಹ್ ಬಾಯ್ ಅಭ್ಯಾಸಬಲದಿಂದ ಅದರಲ್ಲೇ ಇಲ್ಲ ಅನ್ನುವುದು, ಡಬ್ಬಿಗೆ ಅವನ ಹತ್ತು ಸೆಂಟ್ ಬೀಳುವುದು. ಕೆಲವು ದಿನ ಈ ತಮಾಷೆ ನಡೆಯಿತು. ಆಮೇಲೆ ಅವನು ನನಗೆ ಇಂಗ್ಲಿಷಿನಲ್ಲಿ ಉತ್ತರ ಕೊಡತೊಡಗಿದ, ಶಾಲೆಯಲ್ಲಿ ಮಾತ್ರವಲ್ಲ, ಮೆಟ್ಟಿಲ ಮೇಲೂ.

ಅವನಿಗಿಂತ ಏಳೆಂಟು ವರ್ಷ ಚಿಕ್ಕವಳಾದ ತಂಗಿ ಆಗ ಮಾತು ಕಲಿಯುತ್ತಿದ್ದಳು. ಅವಳ ಅಪ್ಪ ಅಮ್ಮ ನಿರ್ಧಾರ ಮಾಡಿದರು: ಈ ಮಗುವಿನೊಂದಿಗೆ ಮ್ಯಾಂಡರಿನ್ ಮಾತ್ರ. ಯಾರೂ ಬಂದು ಹೆದರಿಸಲಿಲ್ಲ. ಪ್ರಾಥಮಿಕ ಶಾಲೆಯ ಕೊನೆಗೆ ಬರುವ ಪರೀಕ್ಷೆಯ ಭಯವೇ ಸಾಕಿತ್ತು. ಟ್ಯಾಕ್ಸಿ ಓಡಿಸುವ ಅವಳಪ್ಪನ ಮ್ಯಾಂಡರಿನ್ ಎಷ್ಟು ಹರಕು ಎಂದರೆ, ಊಟಕ್ಕೆ ಕೂತಾಗ ವಾಕ್ಯಗಳು ಅರ್ಧಕ್ಕೇ ನಿಲ್ಲುತ್ತಿದ್ದವು. ಹಿಂದೆಲ್ಲ ರಾತ್ರಿ ಒಂಬತ್ತರವರೆಗೆ ಟ್ಯಾಕ್ಸಿಯಲ್ಲಿ ಕೂತವರ ಕತೆ ಹೇಳಿ ನಗಿಸುತ್ತಿದ್ದ ಮನುಷ್ಯ ಮಗಳ ಮುಂದೆ ಅನ್ನ, ನೀರು, ಓದು, ಮಲಗು ಎಂಬ ನಾಲ್ಕು ಮಾತಿಗೆ ಇಳಿದ. ಅಹ್ಮಾ ಟಿಯೋಚ್ಯುನಲ್ಲಿ ಮಗುವನ್ನು ಕರೆದರೆ ಸೊಸೆ ಮೆಲ್ಲಗೆ ತಡೆಯುತ್ತಿದ್ದಳು, ಗೊಂದಲ ಆಗುತ್ತದಂತೆ ಎಂದು. ‘ಗೊಂದಲ ಆಗ್ತದಂತೆ’ ಎಂದು ಅಹ್ಮಾ ಬಂದು ಅಮ್ಮನ ಹತ್ತಿರ ಅದೇ ಮಾತನ್ನು ಹೇಳಿದಳು. ಸಿಟ್ಟಿರಲಿಲ್ಲ, ಸೊಸೆ ಓದಿದವಳು, ಗೊತ್ತಿರಬೇಕು ಎಂಬ ಒಪ್ಪಿಗೆಯೇ ಇತ್ತು.

ಆ ತಂಗಿಯ ಹೆಸರಿನದೂ ಒಂದು ಕತೆ. ಎಂಬತ್ತರ ದಶಕದ ಆರಂಭದಲ್ಲಿ ಮಕ್ಕಳ ಹೆಸರುಗಳನ್ನು ಶಾಲೆಯ ದಾಖಲೆಯಲ್ಲಿ ಮ್ಯಾಂಡರಿನ್ ಉಚ್ಚಾರದಂತೆ ಬರೆಯುವ ಪದ್ಧತಿ ಬಂತು. ಅಪ್ಪ, ಅಣ್ಣ ಇಬ್ಬರೂ ತಾನ್. ಶಾಲೆಯಲ್ಲಿ ತಂಗಿ ಚೆನ್. ಹಾಜರಿ ಕೂಗಿದಾಗ ಅವಳು ಉತ್ತರ ಕೊಡದೆ ಕೂತಿದ್ದಳಂತೆ. ಊರುಗಳಿಗೂ ಇದೇ ಶಾಸ್ತ್ರ ಆಯಿತು. ನೀ ಸೂನ್ ಹೋಗಿ ಯೀಷುನ್ ಆಯಿತು. ಅಮ್ಮ ಕೊತ್ತಂಬರಿ, ಕರಿಬೇವಿಗೆಂದು ಹೋಗುತ್ತಿದ್ದ ಟೆಕ್ಕಾ ಮಾರ್ಕೆಟ್ಟು ಹೊಸ ಕಟ್ಟಡಕ್ಕೆ ಹೋದಾಗ ಜೂಜ್ಯಾವೋ ಎಂಬ ಬೋರ್ಡು ಹೊತ್ತಿತು. ತಮಿಳರಿಗೆ ಅದು ಬಾಯಿಗೆ ಬರಲಿಲ್ಲ, ಮಲಯರಿಗೆ ಬರಲಿಲ್ಲ, ಅರ್ಧಕ್ಕರ್ಧ ಚೀನೀಯರಿಗೂ ಬರಲಿಲ್ಲ. ಎಲ್ಲರೂ ಟೆಕ್ಕಾ ಅನ್ನುತ್ತಲೇ ಇದ್ದು, ಕೊನೆಗೆ 2000ದಲ್ಲಿ ಸರ್ಕಾರವೇ ಹಳೆಯ ಹೆಸರು ಹಾಕಿತು. ಆ ಬೋರ್ಡನ್ನು ವಾಪಸು ತರಿಸಿದವರಲ್ಲಿ ನಮ್ಮಮ್ಮನಂಥ ಗಿರಾಕಿಗಳ ಪಾಲೂ ಇದೆ ಎಂದು ನನ್ನ ಹೆಮ್ಮೆ.

ಟೀವಿ ಇನ್ನೂ ನೇರವಾಗಿ ಹೊಡೆಯಿತು. ಹಾಂಗ್ ಕಾಂಗ್‌ನಿಂದ ಬರುತ್ತಿದ್ದ ಕ್ಯಾಂಟನೀಸ್ ಧಾರಾವಾಹಿಗಳಿಗೆ ಇಡೀ ಕಾರಿಡಾರು ಮೊದಲ ಮನೆಯ ಗ್ರಿಲ್ಲಿನ ಮುಂದೆ ಸೇರುತ್ತಿತ್ತು. ಅವು ಮ್ಯಾಂಡರಿನ್‌ಗೆ ಡಬ್ ಆಗಿ ಬರತೊಡಗಿದವು. ಅದೇ ನಟ, ಅದೇ ತುಟಿ, ಗಂಟಲು ಮಾತ್ರ ಬೇರೆ ಯಾರದೋ. ಆ ಮನೆಯ ಮುದುಕಿ ಮೊದಮೊದಲು ಮೊಮ್ಮಕ್ಕಳನ್ನು ಕೇಳಿಕೊಂಡು ನೋಡಿದಳು, ಆಮೇಲೆ ನೋಡುವುದನ್ನೇ ಬಿಟ್ಟಳು. 1982ರ ಹೊತ್ತಿಗೆ ರೀಡಿಫ್ಯೂಷನ್‌ನ ಕತೆಗಾರರೂ ನಿಂತರು. ಅಹ್ಮಾಳ ಮನೆಯ ಪೆಟ್ಟಿಗೆ ಗೋಡೆಯ ಮೇಲೇ ಇತ್ತು. ಅದರ ಮೇಲೆ ಅವಳು ಔಷಧಿ ಎಣ್ಣೆಯ ಶೀಶೆ ಇಡುತ್ತಿದ್ದಳು.

ಕನ್ನಡವನ್ನು ಯಾರೂ ನಿಷೇಧಿಸಲಿಲ್ಲ. ಅದು ಸರ್ಕಾರದ ಕಣ್ಣಿಗೆ ಬೀಳುವಷ್ಟು ದೊಡ್ಡದಾಗಿರಲಿಲ್ಲ. ಅಮ್ಮ ಭಾನುವಾರ ಮಧ್ಯಾಹ್ನ ನಮ್ಮನ್ನು ಕೂರಿಸಿ ಊರಿನಿಂದ ಹಡಗಂಚೆಯಲ್ಲಿ ಬರುತ್ತಿದ್ದ ಹಳೆಯ ‘ಸುಧಾ’, ‘ಚಂದಮಾಮ’ ಓದಿಸುತ್ತಿದ್ದಳು. ಅಂಕವಿಲ್ಲ, ಪರೀಕ್ಷೆಯಿಲ್ಲ, ಹಾಗಾಗಿ ಯಾರಿಗೂ ತಲೆನೋವಿರಲಿಲ್ಲ. 1990ರ ಆಸುಪಾಸಿನಲ್ಲಿ ಅಲ್ಲಿ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಐದನ್ನು ಎರಡನೆಯ ಭಾಷೆಯಾಗಿ ತೆಗೆದುಕೊಳ್ಳಲು ಅವಕಾಶವಾಯಿತು. ಕನ್ನಡ ಆ ಪಟ್ಟಿಗೆ ಸೇರಲಿಲ್ಲ. ಅಲ್ಲಿ ಬೆಳೆದ ಕನ್ನಡದ ಮಕ್ಕಳು ಅನೇಕರು ಹಿಂದಿಯನ್ನು ‘ಮಾತೃಭಾಷೆ’ ಎಂದು ಓದಿ ಪಾಸಾದರು. ಮನೆಯಲ್ಲಿ ಕನ್ನಡ ಉಳಿದರೆ ಅದು ಅಜ್ಜ ಅಜ್ಜಿ ಬಂದುಹೋಗುತ್ತಿದ್ದರಿಂದ.

ನಾವು 1984ರಲ್ಲಿ ಸಾಮಾನು ಕಟ್ಟಿ ಮೈಸೂರಿಗೆ ಬಂದೆವು. ಅಹ್ ಬಾಯ್ ಕಾಗದ ಬರೆಯುತ್ತಿದ್ದ, ಇಂಗ್ಲಿಷಿನಲ್ಲಿ. ಚೀನೀ ಮಾಧ್ಯಮದ ನಾನ್ಯಾಂಗ್ ವಿಶ್ವವಿದ್ಯಾಲಯ 1980ರಲ್ಲೇ ಸಿಂಗಪುರ ವಿಶ್ವವಿದ್ಯಾಲಯದೊಂದಿಗೆ ವಿಲೀನವಾಗಿತ್ತು. 1987ಕ್ಕೆ ಎಲ್ಲ ಶಾಲೆಗಳಿಗೂ ಇಂಗ್ಲಿಷೇ ಮೊದಲ ಭಾಷೆಯಾಯಿತು. ಸೈನ್ಯದ ಕಡ್ಡಾಯ ಸೇವೆಗೆ ಹೋದಾಗ ಅವನ ಹೊಕ್ಕಿಯೆನ್ ಮತ್ತೆ ಚಿಗುರಿತಂತೆ. ಓದು ಹತ್ತದ ಹುಡುಗರನ್ನೆಲ್ಲ ಹಾಕುತ್ತಿದ್ದ ‘ಹೊಕ್ಕಿಯೆನ್ ಪ್ಲಟೂನು’ಗಳ ಹೆಸರು ಇನ್ನೂ ಬಾಯಲ್ಲಿದ್ದ ಕಾಲ. ಹೀಗೆ ಅವನ ತಲೆಮಾರಿನ ಗಂಡಸರಿಗೆ ಅಜ್ಜಿಯ ಭಾಷೆಯಲ್ಲಿ ಬೈಗುಳ ಚೆನ್ನಾಗಿ ಬರುತ್ತದೆ, ಊಟದ ಅಂಗಡಿಯಲ್ಲಿ ಬೇಕಾದದ್ದು ಕೇಳಲು ಬರುತ್ತದೆ, ನಡುವಿನದು ಬರುವುದಿಲ್ಲ.

ಆ ನಡುವಿನದೇ ಬೇಕಾದ ದಿನವನ್ನು ನಾನು ಕಣ್ಣಾರೆ ಕಂಡೆ. ತೊಂಬತ್ತರ ದಶಕದಲ್ಲಿ ಕೆಲಸದ ಮೇಲೆ ಹೋದಾಗ ಅಹ್ಮಾ ಆಸ್ಪತ್ರೆಯಲ್ಲಿದ್ದಳು. ತಂಗಿ, ಆಗ ಕಾಲೇಜು ಹುಡುಗಿ, ದಿನವೂ ಬಂದು ಅಜ್ಜಿಯ ಕಾಲು ಒತ್ತುತ್ತಿದ್ದಳು. ಇಬ್ಬರ ನಡುವೆ ಮಾತಿರಲಿಲ್ಲ. ಡಾಕ್ಟರು ಇಂಗ್ಲಿಷಿನಲ್ಲಿ, ನರ್ಸು ಮ್ಯಾಂಡರಿನ್‌ನಲ್ಲಿ ಕೇಳಿದರು: ನೋವು ಚುಚ್ಚಿದ ಹಾಗಿದೆಯಾ, ಹಿಂಡಿದ ಹಾಗಿದೆಯಾ, ಉರಿಯಾ? ಅಹ್ಮಾ ಉದ್ದಕ್ಕೆ ಏನೋ ಹೇಳಿದಳು. ಅಹ್ ಬಾಯ್ ಎರಡು ಸಲ ಕೇಳಿಸಿಕೊಂಡು, ‘ನೋವು, ತುಂಬ ನೋವು ಅಂತಾಳೆ’ ಎಂದ. ಎಂಜಿನಿಯರಿಂಗ್ ಓದಿದ ಮೊಮ್ಮಗನ ಬಳಿ ಇದ್ದದ್ದು ಅಷ್ಟೇ ಶಬ್ದ. ಕೊನೆಗೆ ಪಕ್ಕದ ವಾರ್ಡಿನ ಮುದುಕಿಯೊಬ್ಬಳನ್ನು ಗಾಲಿಕುರ್ಚಿಯಲ್ಲಿ ತಂದು ಕೂರಿಸಿದರು. ಅವಳು ಅಹ್ಮಾಳ ಟಿಯೋಚ್ಯು ಕೇಳಿ ಹೊಕ್ಕಿಯೆನ್‌ನಲ್ಲಿ ಕಸಗುಡಿಸುವ ಹೆಂಗಸಿಗೆ, ಆ ಹೆಂಗಸು ಮ್ಯಾಂಡರಿನ್‌ನಲ್ಲಿ ನರ್ಸಿಗೆ ಹೇಳಿದಳು. ತಿಂಡಿಯ ಹೆಸರುಗಳು ಆ ಊರಿನಲ್ಲಿ ಇವತ್ತಿಗೂ ಹೊಕ್ಕಿಯೆನ್, ಟಿಯೋಚ್ಯುಗಳಲ್ಲೇ ಇವೆ, ಪ್ರವಾಸಿಗಳಿಗೂ ಗೊತ್ತು. ಕಾಯಿಲೆ ಹೇಳಿಕೊಳ್ಳುವ ಮಾತು ಹೋಗಿದೆ.

ಇದು ಸಿಂಗಪುರದ್ದೊಂದೇ ಕತೆಯಲ್ಲ. ತೈವಾನಿನಲ್ಲಿ ಮನೆ ಮಾತಾಡಿದ ಮಕ್ಕಳ ಕೊರಳಿಗೆ ಹಲಗೆ ತೂಗುಹಾಕುತ್ತಿದ್ದರು. 2001ರಿಂದ ಅಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಅದೇ ಮಾತುಗಳಿಗೆ ಪಾಠದ ಅವಧಿ ಇದೆ. ಚೀನಾದ ಗುವಾಂಗ್ಝೌನಲ್ಲಿ 2010ರಲ್ಲಿ ಟೀವಿಯಿಂದ ಕ್ಯಾಂಟನೀಸ್ ತೆಗೆಯುವ ಮಾತು ಬಂದಾಗ ಜನ ಬೀದಿಗಿಳಿದರು. ನಮ್ಮ ಕಾರಿಡಾರಿನಿಂದ ಯಾರೂ ಬೀದಿಗಿಳಿಯಲಿಲ್ಲ. ಮಕ್ಕಳು ಪಾಸಾಗುತ್ತಿದ್ದರು, ಮನೆಗಳು ದೊಡ್ಡವಾಗುತ್ತಿದ್ದವು.

ಸಿಂಗಪುರದ 2020ರ ಜನಗಣತಿಯಲ್ಲಿ ಮನೆಯಲ್ಲಿ ಹೆಚ್ಚಾಗಿ ಮ್ಯಾಂಡರಿನ್ ಅಲ್ಲದ ಚೀನೀ ಮಾತುಗಳನ್ನಾಡುವವರು ಶೇ. 8.7. ಮ್ಯಾಂಡರಿನ್ ಶೇ. 29.9, ಇಂಗ್ಲಿಷ್ ಶೇ. 48.3. ಊಟದ ಮೇಜಿನಿಂದ ಅಜ್ಜಿಯ ಮಾತನ್ನು ಎಬ್ಬಿಸಿ ಅದರ ಜಾಗದಲ್ಲಿ ಕೂರಿಸಿದ ಮ್ಯಾಂಡರಿನ್‌ನ ಕಾಲೂ ಈಗ ನೆಲಕ್ಕೆ ಸರಿಯಾಗಿ ಊರುತ್ತಿಲ್ಲ. ಆ ಹಳೆಯ ಆಂದೋಲನ ಇವತ್ತಿಗೂ ನಡೆಯುತ್ತಿದೆ, ಆದರೆ ಇಂಗ್ಲಿಷ್ ಬಿಟ್ಟು ಬೇರೆ ಆಡದ ಚೀನೀಯರನ್ನು ಮ್ಯಾಂಡರಿನ್‌ಗೆ ಒಲಿಸಲು. ಅಹ್ ಬಾಯ್‌ನ ಮನೆಯಲ್ಲಿ ಎಲ್ಲರೂ ಇಂಗ್ಲಿಷೇ. ಸರ್ಕಾರವೂ ಈಚೆಗೆ ಸ್ವಲ್ಪ ಮೆತ್ತಗಾಗಿದೆ. 2016ರಲ್ಲಿ ಮುದುಕರಿಗೆಂದು ಟೀವಿಯಲ್ಲಿ ಹೊಕ್ಕಿಯೆನ್ ಧಾರಾವಾಹಿ ಬಂತು. ಕೋವಿಡ್ ಲಸಿಕೆ ಹಾಕಿಸಿಕೊಳ್ಳಿ ಎಂದು ಹೇಳಲು ಈ ಮಾತುಗಳೇ ಬೇಕಾದವು.

ಕಳೆದ ವರ್ಷ ಅಹ್ ಬಾಯ್‌ನ ಮಗಳು ದುಡ್ಡು ಕೊಟ್ಟು ಟಿಯೋಚ್ಯು ತರಗತಿಗೆ ಸೇರಿದಳು. ಮನೆಯ ಹಿರಿಯರ ಬಾಯಲ್ಲಿ ಕಡುಬು ಮಾಡುವ ಕ್ರಮ ಹೇಳಿಸಿ ರೆಕಾರ್ಡು ಮಾಡಿಕೊಂಡು ಬನ್ನಿ ಎಂದು ಮೇಷ್ಟ್ರು ಹೋಂವರ್ಕ್ ಕೊಟ್ಟರಂತೆ. ಮನೆಯಲ್ಲಿ ಹಿರಿಯರು ಯಾರೂ ಉಳಿದಿರಲಿಲ್ಲ. ಅಹ್ ಬಾಯ್ ನನಗೆ ವೀಡಿಯೊ ಕಾಲ್ ಮಾಡಿ, ‘ಅಮ್ಮ ಎದ್ದಿದ್ದಾರಾ?’ ಎಂದ. ಎಂಬತ್ತು ದಾಟಿದ ಅಮ್ಮ ಕನ್ನಡಕ ಹಾಕಿಕೊಂಡು, ಫೋನಿಗೆ ಮುಖ ಹತ್ತಿರ ತಂದು, ಟಿಯೋಚ್ಯುನಲ್ಲಿ ಎಲೆ ನೆನೆಸುವುದರಿಂದ ಶುರು ಮಾಡಿದಳು: ಅಕ್ಕಿ ಎಷ್ಟು ಹೊತ್ತು, ದಾರ ಯಾವ ಕಡೆಯಿಂದ, ಬಿಗಿಯಾದರೆ ಏನು, ಸಡಿಲವಾದರೆ ಏನು. ನಡುವೆ ಎಲ್ಲೋ ‘ಹಾಳಾಗ್ಲಿ, ಅದಕ್ಕೇನೋ ಅಂತಿದ್ಳಲ್ಲ’ ಎಂದು ಕನ್ನಡದಲ್ಲಿ ತಡಕಾಡಿ ಮತ್ತೆ ಹಳಿಗೆ ಬಂದಳು. ಹುಡುಗಿ ಎಲ್ಲವನ್ನೂ ರೆಕಾರ್ಡು ಮಾಡಿಕೊಂಡಳು.

ವಾರದ ನಂತರ ಅಹ್ ಬಾಯ್‌ನ ಸಂದೇಶ ಬಂತು. ಮೇಷ್ಟ್ರು ಮೆಚ್ಚಿಕೊಂಡರಂತೆ, ಆದರೆ ಉಚ್ಚಾರ ಅಲ್ಲಲ್ಲಿ ವಿಚಿತ್ರವಾಗಿದೆ, ಈ ಅಜ್ಜಿ ಚೀನಾದ ಯಾವ ಹಳ್ಳಿಯವರು ಎಂದು ಕೇಳಿದ್ದಾರೆ. ಅಮ್ಮನಿಗೆ ಓದಿ ಹೇಳಿದೆ.

‘ನಾನು ಕಲಿತದ್ದು ಅಹ್ಮಾ ಹತ್ತಿರ,’ ಎಂದಳು ಅಮ್ಮ. ‘ಆ ಮೇಷ್ಟ್ರು ಯಾರ ಹತ್ತಿರ ಕಲಿತರಂತೆ, ಕೇಳು.’